ಪರದೆಗೆ ಎಷ್ಟು ಬಟ್ಟೆ, ಮಂಚಕ್ಕೆ ಎಷ್ಟು ಜಾಗ

ಮನೆಯನ್ನು ಸಿಂಗರಿಸಲು ಹೊರಟವರು ಗೋಡೆಯ ಬಣ್ಣದ ಬಗ್ಗೆ ವಾರಗಟ್ಟಲೆ ಚರ್ಚಿಸುತ್ತಾರೆ. ಅಳತೆಯನ್ನು ಮಾತ್ರ ಅಂಗಡಿಗೆ ಹೊರಡುವ ಹೊತ್ತಿಗೆ ಕಣ್ಣಂದಾಜಿನಲ್ಲಿ ಮುಗಿಸಿಬಿಡುತ್ತಾರೆ. ಹೊಸದಾಗಿ ಸಂಸಾರ ಹೂಡಿದಾಗ ನಾನೂ ಕಿಟಕಿಯನ್ನು ಗೇಣಿನಲ್ಲಿ ಅಳೆದು, ಅಷ್ಟೇ ಅಗಲದ ಪರದೆ ಹೊಲಿಸಿದ್ದೆ. ಎಳೆದರೆ ಅದು ಒಣಹಾಕಿದ ಪಂಚೆಯಂತೆ ಚಪ್ಪಟೆಯಾಗಿ ನಿಲ್ಲುತ್ತಿತ್ತೇ ಹೊರತು ಒಂದು ನೆರಿಗೆಯೂ ಬೀಳುತ್ತಿರಲಿಲ್ಲ.

ಪರದೆಯ ಲೆಕ್ಕವನ್ನು ಕಂಬಿಯಿಂದ ಆರಂಭಿಸಬೇಕು. ಕಿಟಕಿ 5 ಅಡಿ ಅಗಲವಿದ್ದರೆ, ಎರಡೂ ಪಕ್ಕಕ್ಕೆ 6 ಇಂಚು ಚಾಚಿಕೊಂಡಿರುವ 6 ಅಡಿಯ ಕಂಬಿ ಹಾಕಿಸಿ. ಹಗಲಿನಲ್ಲಿ ಸರಿಸಿದ ಪರದೆ ಬಹುಮಟ್ಟಿಗೆ ಗೋಡೆಯ ಮೇಲೆ ನಿಲ್ಲುವುದರಿಂದ ಬೆಳಕಿಗೆ ಅಡ್ಡಿಯಾಗುವುದಿಲ್ಲ. ಬಟ್ಟೆ ಕಂಬಿಯ ಎರಡರಷ್ಟು, ಅಂದರೆ 144 ಇಂಚು ಬೇಕು. 48 ಇಂಚು ಪನ್ನದ (ಥಾನಿನ ಅಗಲದ) ಬಟ್ಟೆಯಾದರೆ ಮೂರು ತುಂಡು. ಬಟ್ಟೆ ತೀರ ತೆಳುವಾಗಿದ್ದರೆ ಎರಡೂವರೆ ಪಟ್ಟು ಹಿಡಿಯುವುದು ಮೇಲು. ಕಂಬಿಯಿಂದ ನೆಲಕ್ಕೆ 84 ಇಂಚಿದ್ದಲ್ಲಿ ಮೇಲಿನ ಮಡಿಕೆಗೆ 4, ಕೆಳಗಿನದಕ್ಕೆ 6 ಇಂಚು ಸೇರಿಸಿ, ನೆಲ ಒರೆಸುವಾಗ ಅಂಚು ಒದ್ದೆಯಾಗದಂತೆ ಅರ್ಧ ಇಂಚು ಕಳೆಯಿರಿ. ಹತ್ತಿಬಟ್ಟೆಯಾದರೆ ತುಂಡಿಗೆ 4 ಇಂಚು ಹೆಚ್ಚಿಗೆ ಕೊಂಡು, ನೆನೆಸಿ ಒಣಗಿಸಿದ ಮೇಲೆಯೇ ದರ್ಜಿಗೆ ಕೊಡಿ. ಇಲ್ಲವಾದರೆ ಮೊದಲ ಒಗೆತದಲ್ಲಿಯೇ ಪರದೆ ಮೊಣಕಾಲು ತೋರಿಸುವ ಲಂಗವಾಗುತ್ತದೆ.

ಗೋಡೆಯ ಚಿತ್ರಪಟಗಳನ್ನು ನಡುಭಾಗ ನೆಲದಿಂದ ಸುಮಾರು 5 ಅಡಿ ಎತ್ತರಕ್ಕೆ ಬರುವಂತೆ ತೂಗುಹಾಕಬೇಕು. ದೇವರ ಪಟ, ಹಿರಿಯರ ಭಾವಚಿತ್ರಗಳ ಮಾತು ಬೇರೆ. ತಲೆಯೆತ್ತಿ ನೋಡುವಂತೆ ಅವನ್ನು ಹಾಕುವುದು ನಮ್ಮ ರೂಢಿ. 6 ಅಡಿಯ ಸೋಫಾದ ಮೇಲಿನ ಗೋಡೆಗೆ ಅಂಗೈಯಗಲದ ಒಂದೇ ಪಟ ಹೊಡೆದರೆ ಅದು ದಾರಿ ತಪ್ಪಿ ಬಂದಂತೆ ಕಾಣುತ್ತದೆ. ಸುಮಾರು 4 ಅಡಿ ತುಂಬುವಷ್ಟು ಇರಲಿ.

ನಿಜವಾದ ಪೇಚಾಟ ಮಲಗುವ ಕೋಣೆಯದು. 10 ಅಡಿಗೆ 10 ಅಡಿಯ ಕೋಣೆಯಲ್ಲಿ 6 ಅಡಿ ಅಗಲ, ಆರೂವರೆ ಅಡಿ ಉದ್ದದ ಮಂಚ ನೋಡಲು ಸಲೀಸಾಗಿ ಹಿಡಿಯುತ್ತದೆ. ಕಾಲ ಬದಿಗೆ 2 ಅಡಿ ಆಳದ ಬೀರು ಬಂದರೆ ಉಳಿಯುವುದು ಒಂದೂವರೆ ಅಡಿ, ಅಲ್ಲಿ ಬಾಗಿಲು ತೆರೆದುಕೊಂಡು ನಿಲ್ಲಲು ಸಾಧ್ಯವಿಲ್ಲ. ಅದರ ಬದಲು 5 ಅಡಿಯ ಮಂಚವನ್ನು ಒಂದು ಪಕ್ಕದ ಗೋಡೆಗೆ ತಾಗಿಸಿ, ಬೀರುವನ್ನು ಎದುರು ಗೋಡೆಗೆ ಇಟ್ಟರೆ ನಡುವೆ 3 ಅಡಿ ಓಡಾಟದ ಜಾಗ ಸಿಗುತ್ತದೆ. ಮಂಚದ ಅಳತೆಗೆ ಹಳೆಯ ಪತ್ರಿಕೆಗಳನ್ನು ನೆಲಕ್ಕೆ ಹಾಸಿ ಎರಡು ದಿನ ಅದರ ಸುತ್ತ ಓಡಾಡಿ ನೋಡಿ. ಗೋಡೆಯಿಂದ ಗೋಡೆಗೆ ಕೂಡಿಸುವ ಬೀರುವಾದರೆ ಕೆಳಗೆ, ನಡುವೆ, ಮೇಲೆ ಎಂದು ಮೂರು ಕಡೆ ಅಳೆದು, ಕಡಿಮೆ ಬಂದದ್ದನ್ನೇ ಬಡಗಿಗೆ ಹೇಳಬೇಕು, ಏಕೆಂದರೆ ಗಾರೆಯ ಗೋಡೆ ಎಲ್ಲೆಡೆ ಒಂದೇ ನೇರಕ್ಕಿರುವುದು ಅಪರೂಪ. ಕೋಣೆ ಮಹಡಿಯ ಮೇಲಿದ್ದರೆ ಟೇಪನ್ನು ಮೆಟ್ಟಿಲಿನ ತಿರುವಿಗೂ ಒಯ್ಯಿರಿ. ನಮ್ಮ ಮನೆಯ ತೇಗದ ಬೀರು ಅಲ್ಲಿಯೇ ಸಿಕ್ಕಿಕೊಂಡು, ಕೊನೆಗೆ ಹಗ್ಗ ಕಟ್ಟಿ ಬಾಲ್ಕನಿಯಿಂದ ಮೇಲೇರಿತು.