ಸಂದರ್ಶನ ಮಾಡುವವರಿಗೆ: ಮೊದಲ ನೋಟದ ತೀರ್ಪಿಗೆ ಕಡಿವಾಣ ಹಾಕುವ ಬಗೆ

ಅಭ್ಯರ್ಥಿ ಒಳಗೆ ಬಂದು ಕುರ್ಚಿ ಎಳೆದು ಕೂರುವಷ್ಟರಲ್ಲಿ ಸಂದರ್ಶಕರ ಮನಸ್ಸಿನಲ್ಲಿ ಅರ್ಧ ತೀರ್ಪು ಆಗಿಹೋಗಿರುತ್ತದೆ. ಜಾನೀನ್ ವಿಲ್ಲಿಸ್ ಮತ್ತು ಅಲೆಕ್ಸಾಂಡರ್ ಟೊಡೊರೊವ್ 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅಪರಿಚಿತ ಮುಖವನ್ನು ಸೆಕೆಂಡಿನ ಹತ್ತರಲ್ಲೊಂದು ಭಾಗದಷ್ಟು ಹೊತ್ತು ತೋರಿಸಿದರೂ ಜನ ‘ನಂಬಬಹುದು’, ‘ಸಮರ್ಥರು’ ಎಂದು ಅಂದಾಜು ಕಟ್ಟಿದರು. ಹೆಚ್ಚು ಹೊತ್ತು ತೋರಿಸಿದಾಗ ಅಂದಾಜು ಅಷ್ಟೇನೂ ಬದಲಾಗಲಿಲ್ಲ, ಅದರ ಮೇಲಿನ ಭರವಸೆ ಮಾತ್ರ ಗಟ್ಟಿಯಾಯಿತು. ಮನಸ್ಸು ಹೀಗೆ ಅಂದಾಜು ಕಟ್ಟುವುದನ್ನು ನಿಲ್ಲಿಸಲಾಗದು. ಅದು ನಿಮ್ಮ ನಡವಳಿಕೆಗೆ ಇಳಿಯದಂತೆ, ಅಂಕದ ಹಾಳೆಗೆ ಹತ್ತದಂತೆ ತಡೆಯಬಹುದು.

ಹೀಗೆ ತಡೆಯುವ ಕೆಲಸ, ಬಂದ ಅರ್ಜಿಗಳನ್ನು ವಿಂಗಡಿಸುವಲ್ಲೇ ಶುರುವಾಗಬೇಕು. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ ಅವರ 2007ರ ಅಧ್ಯಯನದಲ್ಲಿ ಒಂದೇ ವಿದ್ಯಾರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಅಡ್ಡಹೆಸರುಗಳಲ್ಲಿ ನಮ್ಮ ದೇಶದ ಖಾಸಗಿ ಕಂಪನಿಗಳಿಗೆ ಕಳಿಸಲಾಯಿತು. ದಲಿತ ಮತ್ತು ಮುಸ್ಲಿಂ ಹೆಸರಿನ ಅರ್ಜಿಗಳಿಗೆ ಕರೆ ಕಡಿಮೆ ಬಂತು. ಆದ್ದರಿಂದ ಹೆಸರು, ಫೋಟೊ, ಊರು, ತಂದೆಯ ಉದ್ಯೋಗ ಇವುಗಳನ್ನು ಆಯ್ಕೆಯಲ್ಲಿ ಪಾಲಿಲ್ಲದ ಒಬ್ಬರು ಮೊದಲೇ ಮುಚ್ಚಿ, ಪ್ರತಿ ಅರ್ಜಿಗೆ ಒಂದು ಸಂಖ್ಯೆ ಕೊಡಲಿ. ಮುಚ್ಚದೆಯೇ ‘ನಾವು ಅದನ್ನೆಲ್ಲ ನೋಡುವುದಿಲ್ಲ’ ಎಂದುಕೊಂಡರೆ ಉಪಯೋಗವಿಲ್ಲ. ಕಣ್ಣು ನೋಡಿಯೇ ನೋಡುತ್ತದೆ.

ಪ್ರಶ್ನೆ ಮತ್ತು ಅಂಕ

ಐದಾರು ಪ್ರಶ್ನೆ ಸಾಕು. ಎಲ್ಲರಿಗೂ ಅವೇ ಪ್ರಶ್ನೆ, ಅದೇ ಕ್ರಮ, ಅದೇ ಮಾತು. ಪ್ರತಿ ಪ್ರಶ್ನೆಗೂ ಯಾವ ಉತ್ತರಕ್ಕೆ ಎಷ್ಟು ಅಂಕ ಎಂಬುದನ್ನು ಅಭ್ಯರ್ಥಿಗಳು ಬರುವ ಮುನ್ನವೇ ಬರೆದಿಡಿ. ಪತ್ತಿನ ಸಹಕಾರ ಸಂಘವೊಂದಕ್ಕೆ ಕ್ಯಾಷಿಯರ್ ಬೇಕಾಗಿದ್ದಾರೆ ಎಂದಿಟ್ಟುಕೊಳ್ಳಿ. ಪ್ರಶ್ನೆ: ‘ಸಂಜೆ ಕ್ಯಾಶ್ ಎಣಿಸಿದಾಗ 500 ರೂಪಾಯಿ ಕಡಿಮೆ ಬಂತು. ಏನು ಮಾಡುತ್ತೀರಿ?’ ಕೈಯಿಂದ ಹಾಕಿ ಲೆಕ್ಕ ಸರಿಮಾಡುತ್ತೇನೆ ಎಂದರೆ 1. ಮತ್ತೆ ಎಣಿಸಿ ಮ್ಯಾನೇಜರ್‌ಗೆ ಹೇಳುತ್ತೇನೆ ಎಂದರೆ 3. ಮತ್ತೆ ಎಣಿಸಿ, ವೋಚರ್‌ಗಳನ್ನು ಕ್ಯಾಶ್ ಬುಕ್ ಜೊತೆ ತಾಳೆ ನೋಡಿ, ವ್ಯತ್ಯಾಸವನ್ನು ಅಂದೇ ಬರೆದು ತಿಳಿಸುತ್ತೇನೆ ಎಂದರೆ 5. ಹೀಗೆ ಬರೆದಿಟ್ಟರೆ ಇಂಗ್ಲಿಷ್ ಸರಾಗವಾಗಿ ಬರುವವರಿಗೂ ಕಲಬುರಗಿಯ ಕನ್ನಡದಲ್ಲಿ ಉತ್ತರಿಸುವವರಿಗೂ ಅಳತೆಗೋಲು ಒಂದೇ ಆಗುತ್ತದೆ.

ಅಂಕವನ್ನು ಆಯಾ ಉತ್ತರ ಮುಗಿದ ಕೂಡಲೇ ಹಾಕಿ, ಕೊನೆಗೆ ಒಟ್ಟಿಗೆ ಬೇಡ. ಕೊನೆಗೆ ಹಾಕಿದರೆ ಒಂದು ಒಳ್ಳೆಯ ಉತ್ತರ ಉಳಿದ ನಾಲ್ಕನ್ನೂ ಮೇಲೆತ್ತಿಬಿಡುತ್ತದೆ. ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಇದನ್ನು ಸೈನ್ಯದ ಅಧಿಕಾರಿಗಳಲ್ಲಿ ತೋರಿಸಿದ್ದರು: ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆಗೆ ಬೇರೆ ಬೇರೆ ಅಂಕ ಕೊಡಿ ಎಂದರೂ ಒಂದರಲ್ಲಿ ಹೆಚ್ಚು ಬಂದವರಿಗೆ ಎಲ್ಲದರಲ್ಲೂ ಹೆಚ್ಚು ಬಂದಿತ್ತು.

ನಿಮ್ಮ ಮೈ ಏನು ಹೇಳುತ್ತಿದೆ?

ಅಂಕದ ಹಾಳೆ ಎಷ್ಟೇ ಚೆನ್ನಾಗಿದ್ದರೂ ಇಲ್ಲಿ ಎಡವಿದರೆ ಎಲ್ಲ ಕೆಡುತ್ತದೆ, ಹೆಚ್ಚಿನವರು ಎಡವುವುದೂ ಇಲ್ಲೇ. 1974ರಲ್ಲಿ ಪ್ರಕಟವಾದ ವರ್ಡ್, ಜಾನ್ನಾ ಮತ್ತು ಕೂಪರ್ ಅವರ ಅಮೆರಿಕದ ಪ್ರಯೋಗವನ್ನು ಸಂದರ್ಶಕರೆಲ್ಲ ತಿಳಿದಿರಬೇಕು. ಮೊದಲ ಹಂತದಲ್ಲಿ ಬಿಳಿಯ ಸಂದರ್ಶಕರು ಕಪ್ಪು ಅಭ್ಯರ್ಥಿಗಳಿಂದ ಹೆಚ್ಚು ದೂರ ಕೂತರು, ಮಾತಿನಲ್ಲಿ ಹೆಚ್ಚು ತಪ್ಪಿದರು, ಸಂದರ್ಶನವನ್ನು ಬೇಗ ಮುಗಿಸಿದರು. ಎರಡನೇ ಹಂತದಲ್ಲಿ ತರಬೇತಿ ಪಡೆದ ಸಂದರ್ಶಕರು ಬೇಕೆಂದೇ ಬಿಳಿಯ ಅಭ್ಯರ್ಥಿಗಳ ಜೊತೆ ಹಾಗೆ ನಡೆದುಕೊಂಡಾಗ ಅವರೂ ಗಲಿಬಿಲಿಗೊಂಡರು, ಅವರ ಸಂದರ್ಶನ ಕಳಪೆ ಎನಿಸಿಕೊಂಡಿತು. ಅಂದರೆ ‘ಈತನಿಗೆ ಆತ್ಮವಿಶ್ವಾಸವಿಲ್ಲ’ ಎಂದು ನೀವು ಬರೆಯುವ ಸಾಲಿನ ಕಾರಣ ನಿಮ್ಮ ಕುರ್ಚಿಯಲ್ಲೇ ಇರಬಹುದು.

ಹಾಗಾಗಿ ಕುರ್ಚಿಗಳ ಜಾಗ ಮೊದಲೇ ಗುರುತು ಮಾಡಿ, ದಿನವಿಡೀ ಕದಲಿಸಬೇಡಿ. ಪ್ರತಿಯೊಬ್ಬರಿಗೂ ಅಷ್ಟೇ ಸಮಯ. 30 ನಿಮಿಷ ಎಂದರೆ ಉತ್ತರ ಸಪ್ಪೆ ಎನಿಸಿದವರಿಗೂ 30 ನಿಮಿಷ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ, ಆಮೇಲೆ ಬೇಕಾದರೆ ಪ್ರಶ್ನೆಯನ್ನು ಇನ್ನೊಮ್ಮೆ ಓದಿ. ಇಷ್ಟವಾದವರಿಗೆ ‘ಅಂದ್ರೆ ಮ್ಯಾನೇಜರ್‌ಗೆ ಹೇಳ್ತೀರಿ, ಅಲ್ವಾ?’ ಎಂದು ಸುಳಿವು ಕೊಡುವುದು, ಬೇಡವಾದವರ ಮಾತಿಗೆ ಫೋನ್ ನೋಡುವುದು ಎರಡೂ ಗೊತ್ತಿಲ್ಲದೆಯೇ ನಡೆದುಬಿಡುತ್ತವೆ. ಫೋನ್ ಹೊರಗಿಡಿ, ಎಲ್ಲರಿಗೂ ಒಂದೇ ಮರುಪ್ರಶ್ನೆ ಸಾಕು: ‘ಇನ್ನೇನಾದರೂ ಸೇರಿಸುತ್ತೀರಾ?’ ‘ಯಾವ ಊರು, ಯಾರ ಪೈಕಿ’ ಎಂಬ ಮಾತು ಮಾತ್ರ ಖಂಡಿತ ಬೇಡ. ನೀವು ಆತ್ಮೀಯತೆಗೆ ಕೇಳಿದರೂ ಅದು ಮುಚ್ಚಿಟ್ಟ ಅಡ್ಡಹೆಸರನ್ನು ಮತ್ತೆ ಮೇಜಿನ ಮೇಲಿಡುತ್ತದೆ.

ಗುಣವೋ, ಪರಿಸ್ಥಿತಿಯೋ?

ಬಯೋಡೇಟಾದಲ್ಲಿ ಎರಡು ವರ್ಷ ಖಾಲಿ ಇದ್ದರೆ ಸೋಮಾರಿ, ತಡವಾಗಿ ಬಂದರೆ ಬೇಜವಾಬ್ದಾರಿ ಎಂದು ಗುಣಕ್ಕೆ ಗಂಟುಹಾಕುವುದು ಸುಲಭ. ಜೋನ್ ಮಿಲ್ಲರ್ 1984ರ ಅಧ್ಯಯನದಲ್ಲಿ ಷಿಕಾಗೊ ಮತ್ತು ನಮ್ಮ ಮೈಸೂರಿನ ಜನರಿಂದ ಪರಿಚಿತರ ನಡತೆಗೆ ಕಾರಣ ಕೇಳಿದಾಗ, ಅಮೆರಿಕದ ವಯಸ್ಕರು ಸ್ವಭಾವವನ್ನು ಹೆಚ್ಚಾಗಿ ಹೇಳಿದರೆ ಮೈಸೂರಿನ ವಯಸ್ಕರು ಸಂದರ್ಭವನ್ನು ಹೆಚ್ಚಾಗಿ ಹೇಳಿದರು. ಈ ಒಳ್ಳೆಯ ರೂಢಿಯನ್ನು ಸಂದರ್ಶನದ ಕೋಣೆಗೂ ತರಬೇಕು. ‘ಈ ಅವಧಿಯಲ್ಲಿ ಏನು ಮಾಡುತ್ತಿದ್ದಿರಿ?’ ಎಂದು ನೇರವಾಗಿ ಕೇಳಿ. ಟಿಪ್ಪಣಿಯಲ್ಲಿ ‘ಸೋಮಾರಿ’ ಎಂಬಂಥ ವಿಶೇಷಣ ಬೇಡ, ಅವರು ಹೇಳಿದ್ದನ್ನೇ ಬರೆಯಿರಿ.

ಚರ್ಚೆ

ಮೂವರು ಸಂದರ್ಶಕರಿದ್ದರೆ ಮೂವರೂ ಅಂಕ ಬರೆದು ಸಹಿ ಹಾಕಿದ ಮೇಲೆಯೇ ಬಾಯಿ ಬಿಡಬೇಕು. ಕಿರಿಯರು ಮೊದಲು ಮಾತಾಡಲಿ, ಅಧ್ಯಕ್ಷರು ಕೊನೆಗೆ. ಒಂದು ಪ್ರಶ್ನೆಗೆ ಇಬ್ಬರ ಅಂಕದಲ್ಲಿ 2ಕ್ಕಿಂತ ಹೆಚ್ಚು ಅಂತರ ಬಂದರೆ ಮಾತ್ರ ಟಿಪ್ಪಣಿ ತೆಗೆದು ನೋಡಿ. ಉಳಿದದ್ದಕ್ಕೆ ಸರಾಸರಿ ಸಾಕು. ಇಬ್ಬರು ಅಭ್ಯರ್ಥಿಗಳ ನಡುವೆ ಹತ್ತು ನಿಮಿಷ ಬಿಡುವಿರಲಿ. ಇಲ್ಲದಿದ್ದರೆ ಚುರುಕಾದವರ ಬೆನ್ನಿಗೇ ಬಂದ ಸಾಧಾರಣ ಅಭ್ಯರ್ಥಿ ದಡ್ಡರಂತೆ ಕಾಣುತ್ತಾರೆ.

ಅಂಕದ ಹಾಳೆಗಳನ್ನು ಎಸೆಯಬೇಡಿ. ಆಯ್ಕೆಯಾದವರು ಆರು ತಿಂಗಳು ಕೆಲಸ ಮಾಡಿದ ಮೇಲೆ ಅವರ ಕೆಲಸವನ್ನು ಆ ಹಾಳೆಯ ಪಕ್ಕ ಇಟ್ಟು ನೋಡಿ. ಯಾವ ಪ್ರಶ್ನೆಯಲ್ಲಿ 5 ಬಂದವರೂ 2 ಬಂದವರೂ ಒಂದೇ ರೀತಿ ದುಡಿಯುತ್ತಿದ್ದಾರೋ, ಮುಂದಿನ ಸಲ ಅದನ್ನು ತೆಗೆದು ಹೊಸದನ್ನು ಹಾಕಿ.