ವ್ಯಾನಿನ ಇನ್ವರ್ಟರ್‌ಗೆ ಅರ್ಥಿಂಗ್: ಟೆಸ್ಟ್ ಗುಂಡಿ ಹೇಳದ ಸಂಗತಿ

ವಾಸಕ್ಕೆಂದು ಸಜ್ಜುಗೊಳಿಸಿದ ನಮ್ಮ ವ್ಯಾನಿನಲ್ಲಿ ಚಾರ್ಜ್ ಆಗುತ್ತಿರುವ ಲ್ಯಾಪ್‌ಟಾಪನ್ನೂ ಸ್ಟೀಲ್ ಸಿಂಕನ್ನೂ ಒಟ್ಟಿಗೆ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ವಿದ್ಯುತ್ ಸೋರಿದರೆ ಕರೆಂಟ್ ಕಡಿದುಹಾಕುವ ಸ್ವಿಚ್ ಆದ ಆರ್‌ಸಿಸಿಬಿ ಇತ್ತು, ಅದರ ಟೆಸ್ಟ್ ಗುಂಡಿ ಒತ್ತಿದರೆ ಬೀಳುತ್ತಲೂ (ಟ್ರಿಪ್ ಆಗುತ್ತಲೂ) ಇತ್ತು. ಆದರೆ ಆ ಗುಂಡಿ ಸ್ವಿಚ್ಚಿನೊಳಗೇ ಸೋರಿಕೆಯನ್ನು ನಟಿಸುತ್ತದೆ, ಅದಕ್ಕೆ ಅರ್ಥ್ ಬೇಕಿಲ್ಲ. ಅದನ್ನು ನಂಬಿ ನೆಮ್ಮದಿಯಾಗಿರುವುದು ಅಪಾಯ.

ಮಲ್ಟಿಮೀಟರ್ ಹಿಡಿದಾಗ ಇನ್ವರ್ಟರ್ ಔಟ್‌ಪುಟ್‌ನ ಎರಡೂ ತಂತಿಗಳಿಂದ ಷಾಸಿಗೆ (ವ್ಯಾನಿನ ಲೋಹದ ಚೌಕಟ್ಟಿಗೆ) ಸುಮಾರು 115 ವೋಲ್ಟ್ ತೋರಿಸಿತು. ನ್ಯೂಟ್ರಲ್ ಷಾಸಿಗೆ ಸೇರಿರಲಿಲ್ಲ; ಸಾಕೆಟ್‌ಗಳ ಅರ್ಥ್ ಪಿನ್ನೂ ಅಷ್ಟೇ. ಸೋರಿದ ವಿದ್ಯುತ್ತಿಗೆ ಮರಳುವ ದಾರಿಯಿಲ್ಲದಿದ್ದರೆ ಆರ್‌ಸಿಸಿಬಿಗೆ ಏನು ಗೊತ್ತಾಗಬೇಕು?

ಬ್ಯಾಟರಿ ಬಿಚ್ಚಿಟ್ಟು, ಷಾಸಿಯ ಬಣ್ಣ ಕೆರೆದು ಬೋಲ್ಟ್ ಕೂರಿಸಿದೆ. ಇನ್ವರ್ಟರ್ ಕವಚ, ಸಾಕೆಟ್‌ಗಳ ಅರ್ಥ್, ಸಿಂಕ್ ಎಲ್ಲವನ್ನೂ ತಾಮ್ರದ ತಂತಿಯಿಂದ ಅಲ್ಲಿಗೆ ತಂದೆ. ಆಮೇಲೆ ಇನ್ವರ್ಟರ್ ಮತ್ತು ಆರ್‌ಸಿಸಿಬಿ ನಡುವೆ, ಒಂದೇ ಕಡೆ, ನ್ಯೂಟ್ರಲನ್ನು ಅರ್ಥ್‌ಗೆ ಜೋಡಿಸಿದೆ. ಇನ್ವರ್ಟರ್‌ನ ಕೈಪಿಡಿ ಒಪ್ಪಿದರೆ ಮಾತ್ರ ಇದನ್ನು ಮಾಡಬೇಕು; ಎಷ್ಟೋ ಅಗ್ಗದ ಮಾಡಿಫೈಡ್ ಸೈನ್‌ವೇವ್ (ನಯವಾದ ಅಲೆಯ ಬದಲು ಮೆಟ್ಟಿಲಿನಂಥ ಅಲೆ ಕೊಡುವ) ಇನ್ವರ್ಟರ್‌ಗಳು ಹೀಗೆ ಜೋಡಿಸಿದರೆ ಸುಟ್ಟುಹೋಗುತ್ತವೆ.

ಸಾಕೆಟ್ ಟೆಸ್ಟರ್‌ನಿಂದ ಫೇಸ್ ಮತ್ತು ಅರ್ಥ್ ನಡುವೆ 30 ಮಿಲಿಆಂಪ್ ಹರಿಸಿದೆ. ಆರ್‌ಸಿಸಿಬಿ ತಕ್ಷಣ ಬಿತ್ತು. ವ್ಯಾನನ್ನು ಮನೆಯ ಕರೆಂಟಿಗೆ ಸಿಕ್ಕಿಸಿದಾಗ ಈ ನ್ಯೂಟ್ರಲ್-ಅರ್ಥ್ ಜೋಡಣೆ ತಾನಾಗಿ ಬಿಡಿಸಿಕೊಳ್ಳಲು ರಿಲೇ (ಸ್ವಯಂಚಾಲಿತ ಸ್ವಿಚ್) ಹಾಕಿದ್ದೇನೆ.