ಕಲ್ಲಿನ ಸಾಂದ್ರತೆ ಪ್ರತಿ ಸಲ ಬೇರೆ ಬರ್ತಿತ್ತು, ಸರಿಯಾಗಿದ್ದು ಹೀಗೆ

ಹಳೇಬೀಡಿನಿಂದ ತಂದ ಬಳಪದ ಕಲ್ಲಿನ ಚೂರು. ಸಾಂದ್ರತೆ, ಅಂದರೆ ಒಂದು ಸಿಸಿ (ಘನ ಸೆಂಟಿಮೀಟರ್) ಗಾತ್ರಕ್ಕೆ ಎಷ್ಟು ಗ್ರಾಂ ಅನ್ನೋದು, ಒಮ್ಮೆ 2.3, ಇನ್ನೊಮ್ಮೆ 3.2 ಬರುತ್ತಿತ್ತು.

ಗಾತ್ರ ತಿಳಿಯಲು ಮೊದಲು ಚೊಂಬಿನ ತುಂಬ ನೀರಿಟ್ಟು, ಕಲ್ಲು ಮುಳುಗಿಸಿ, ಚೆಲ್ಲಿದ್ದನ್ನು ಅಳೆದೆ. ಒಂದಷ್ಟು ನೀರು ಚೊಂಬಿನ ಹೊರಮೈಗೇ ಅಂಟಿಕೊಳ್ಳುತ್ತಿತ್ತು. ಅಳತೆ ಜಾಡಿಯಲ್ಲಿ ಗೆರೆ 10 ಮಿಲಿಗೊಂದು, ಸುಮ್ನೆ ಅಂದಾಜು.

ಕೊನೆಗೆ ಕೆಲಸಕ್ಕೆ ಬಂದಿದ್ದು ಅಡುಗೆಮನೆಯ ಡಿಜಿಟಲ್ ತಕ್ಕಡಿ. ಮೊದಲು ಒಣ ಕಲ್ಲು ತೂಗಿದೆ: 412 ಗ್ರಾಂ. ಆಮೇಲೆ ಅರ್ಧ ನೀರಿದ್ದ ಪಾತ್ರೆಯನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿದೆ. ಕಲ್ಲಿಗೆ ಹೊಲಿಗೆ ದಾರ ಕಟ್ಟಿ, ಪೂರ್ತಿ ಮುಳುಗುವಂತೆ ಕೈಯಲ್ಲೇ ಇಳಿಬಿಟ್ಟೆ. ತಕ್ಕಡಿ 147 ತೋರಿಸಿತು. ಕಲ್ಲು ಸರಿಸಿದ ನೀರಿನ ತೂಕ ಅದು. ನೀರು ಸಿಸಿಗೆ 1 ಗ್ರಾಂ ಅಲ್ವಾ, ಹಾಗಾಗಿ ಗಾತ್ರ 147 ಸಿಸಿ. 412 ÷ 147 = 2.80. ಮೂರು ಸಲವೂ ಅದೇ.

ಕಲ್ಲು ತಳಕ್ಕೆ ತಾಗಿದರೆ ಅಂಕಿ ಜಾಸ್ತಿಯಾಗುತ್ತದೆ. ಗುಳ್ಳೆ ಅಂಟಿದ್ದರೆ ದಾರ ಅಲ್ಲಾಡಿಸಿ. ತೇಲುವ ಕಾಫಿ ಕಟ್ಟಿಗೆಯನ್ನು ಸೂಜಿಯಿಂದ ಒತ್ತಿ ಮುಳುಗಿಸಿದರೂ ಲೆಕ್ಕ ಇದೇ.